ಚೋರ್ಲಾದಿಂದ ಬಾದಾಮಿಗೆ: ಏರು ಹುಡುಕಿಕೊಂಡು ಹೋದ ಸೈಕಲ್ ಪ್ರವಾಸ

ಬೆಳಗಾವಿಯ ಸೈಕಲ್‌ನವರಿಗೆ ಒಂದು ವಿಚಿತ್ರ ತೊಂದರೆ ಇದೆ. ಬೇರೆ ಊರಿನವರು ಮೊದಲು ಘಾಟ್ ಹತ್ತುತ್ತಾರೆ, ಆಮೇಲೆ ಖುಷಿಯಾಗಿ ಇಳಿಯುತ್ತಾರೆ. ನಮಗೆ ಉಲ್ಟಾ. ನಮ್ಮ ಊರೇ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಪಶ್ಚಿಮಕ್ಕೆ ಹೊರಟರೆ ಸಹ್ಯಾದ್ರಿಯ ಅಂಚು ಸಿಗುತ್ತದೆ. ಅಲ್ಲಿಂದ ರಸ್ತೆ ಒಂದೇ ಸಮನೆ ಕೆಳಗೆ ಬೀಳುತ್ತದೆ. ಬೆಳಿಗ್ಗೆ ಮೈಯಲ್ಲಿ ಕಸುವು ತುಂಬಿರುವಾಗ ಇಳಿಯಬೇಕು, ಕಾಲು ಸೋತ ಮೇಲೆ ಹತ್ತಬೇಕು. ಅದಕ್ಕೇ ಈ ಸಲ ಗೋವಾ ಕಡೆಯ ಚೋರ್ಲಾ ಘಾಟ್ ಇಳಿದ ದಿನ ಕೆಳಗೇ ಉಳಿದು, ಮರುದಿನ ಹೊಸ ಕಾಲಿನಲ್ಲಿ ಹತ್ತುವುದು ಅಂತ ಮಾತಾಯಿತು. ಆಮೇಲೆ ಪೂರ್ವಕ್ಕೆ ತಿರುಗಿ ಎಲ್ಲಮ್ಮನ ಗುಡ್ಡ, ಅಲ್ಲಿಂದ ಬಾದಾಮಿ.

ಜೊತೆಗೆ ಇದ್ದವರು ಇಬ್ಬರು. ಒಬ್ಬರು ನಮ್ಮ ಓಣಿಯ ಕಾಕಾ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸೈಕಲ್ ಹಿಡಿದವರು. ಅವರದು ದಪ್ಪ ಟೈರಿನ ಹಳೇ ಟೂರಿಂಗ್ ಸೈಕಲ್, ಮುಂದೆ ಪೆಡಲ್ ಜೊತೆ ತಿರುಗುವ ಮೂರು ಹಲ್ಲುಚಕ್ರ, ಅಂದರೆ ಚೈನ್‌ರಿಂಗ್, ಹಿಂದೆ ಎರಡು ಚೀಲ. ಇನ್ನೊಬ್ಬ ನನ್ನ ಅಳಿಯ, ಅಣ್ಣನ ಮಗ, ವಿಜಯಪುರದ ಹುಡುಗ. ಚಿಕ್ಕವನಿದ್ದಾಗ ರೇಸ್ ಹೊಡೆದವನು. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸ್ ಅಂದರೆ ಸುಮ್ನೆ ಅಲ್ಲ. ಹಳ್ಳಿಯ ರೈತರ ಮಕ್ಕಳು ಅಲ್ಲಿಂದ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಈಗ ಇವನಿಗೆ ರೇಸ್ ಬಿಟ್ಟು ಬ್ರೆವೆ ಮಾಡುವ ಹುಚ್ಚು ಹಿಡಿದಿದೆ. ಬ್ರೆವೆ ಅಂದರೆ ಗಡುವಿಟ್ಟ ದೂರದ ಸವಾರಿ, ಅದರಲ್ಲಿ ಗೆಲುವು ಸೋಲು ಇಲ್ಲ. 200 ಕಿ.ಮೀ.ಗೆ ಹದಿಮೂರುವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ. ಅಷ್ಟರೊಳಗೆ ಮುಗಿಸಿದರೆ ಆಯಿತು. ಊಟ, ನಿದ್ದೆ, ಪಂಕ್ಚರ್ ಎಲ್ಲ ಅದರಲ್ಲೇ. ಲೆಕ್ಕ ಹಾಕಿದರೆ ಗಂಟೆಗೆ 15 ಕಿ.ಮೀ. ಬೀಳುತ್ತದೆ. ಬಯಲು ಸೀಮೆಯವನಿಗೆ ಇದು ನಗು ಬರುವ ವೇಗ. ನಡುವೆ ಏರು ಬಂದಾಗ ಆ ನಗು ಎಲ್ಲಿ ಹೋಗುತ್ತದೆ ಅಂತ ತೋರಿಸುವ ಆಸೆ ನನಗೂ ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ದಿನ: ಬೆಳಗಾವಿ – ಜಾಂಬೋಟಿ – ಕಣಕುಂಬಿ – ಚೋರ್ಲಾ – ಸಾಖಳಿ

ಡಿಸೆಂಬರ್ ಕೊನೆಯ ಚಳಿ. ಊರು ಬಿಡುವಾಗ ಕೈಬೆರಳು ಬ್ರೇಕ್ ಮೇಲೆ ಮರಗಟ್ಟಿದ್ದವು. ಜಾಂಬೋಟಿವರೆಗೆ ರಸ್ತೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ದೊಡ್ಡ ಏರು ಒಂದೂ ಇಲ್ಲ. ಆದರೆ ಸುಮ್ನೆ ಕೂರಲು ಬಿಡುವುದಿಲ್ಲ. ಅಳಿಯ ಪ್ರತಿ ದಿಬ್ಬದ ಮೇಲೂ ಪೆಡಲ್ ಮೇಲೆ ಎದ್ದು ನಿಂತು ಹೊಡೆಯುತ್ತಿದ್ದ. ಮೇಲೆ ಹೋಗಿ ನಮಗಾಗಿ ಕಾಯುತ್ತಿದ್ದ. ಜಾಂಬೋಟಿಯಲ್ಲಿ ಚಹಾ, ಬಿಸಿ ವಡೆ. ಅಲ್ಲಿಂದ ಮುಂದೆ ಕಾಡು ದಟ್ಟವಾಗುತ್ತದೆ, ಮೊಬೈಲ್ ಸಿಗ್ನಲ್ ತೆಳುವಾಗುತ್ತದೆ.

ಕಣಕುಂಬಿಯಲ್ಲಿ ನಿಲ್ಲಲೇಬೇಕು. ಮಲಪ್ರಭೆ ಹುಟ್ಟುವುದು ಇಲ್ಲೇ. ಮಾವುಲಿ ದೇವಿಯ ಗುಡಿಗೆ ಹೋಗಿ ಕೈಮುಗಿದು, ಬಾಟಲಿ ತುಂಬಿಸಿಕೊಂಡೆವು. ಈ ನದಿಯ ಲೆಕ್ಕ ನನಗೆ ಬಹಳ ಇಷ್ಟ. ಹುಟ್ಟುವುದು ಸುಮಾರು 792 ಮೀಟರ್ ಎತ್ತರದಲ್ಲಿ. 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವಾಗ ಸುಮಾರು 488 ಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಒಂದೇ ಒಂದು ಮೀಟರ್ ಇಳಿತ. ಪೂರ್ವದ ಕಡೆ ನೆಲ ಅಷ್ಟು ನಿಧಾನ. ಪಶ್ಚಿಮದ ಕಡೆ ಅದೇ ನೆಲ 15 ಕಿ.ಮೀ. ರಸ್ತೆಯೊಳಗೆ ಸುಮಾರು 700 ಮೀಟರ್ ಕೆಳಗೆ ಹೋಗುತ್ತದೆ. ಇಲ್ಲಿ ಬಿದ್ದ ಮಳೆ ದಿಬ್ಬದ ಆ ಕಡೆ ಹೊರಳಿದರೆ ಮಹದಾಯಿ ಸೇರಿ ಪಣಜಿ ಹತ್ತಿರ ಅರಬ್ಬಿ ಸಮುದ್ರ. ಈ ಕಡೆ ಹೊರಳಿದರೆ ಮಲಪ್ರಭೆ, ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಕಳಸಾ ಹಳ್ಳದ ಜಗಳವೂ ಇಲ್ಲಿಯದೇ. ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟರೂ ಜಗಳ ಮುಗಿದಿಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ, ನಾಲ್ಕು ದಿನದಲ್ಲಿ ಈ ನದಿಯ ಜೊತೆಗೇ ಬಯಲಿಗೆ ಹೋಗುವವರು. ಆದರೆ ಅದಕ್ಕೆ ಮೊದಲು ಒಮ್ಮೆ ಅದು ಹೋಗದ ಕಡೆಗೆ ಇಳಿದು ಬರಬೇಕಿತ್ತು.

ಚೋರ್ಲಾದ ಇಳಿತ ಪೂರ್ತಿ ಬ್ರೇಕ್‌ನ ಕೆಲಸ. ಕಾಕಾ ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಡುತ್ತಾರೆ. ಇಡೀ ದಾರಿ ಹಿಡಿದುಕೊಂಡೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯುವ ಭಯ ಇರುತ್ತದೆ. ಒಂದು ತಿರುವಿನಲ್ಲಿ ಕೆಳಗೆ ಅಂಜುಣೆ ಅಣೆಕಟ್ಟಿನ ನೀರು ಹೊಳೆಯಿತು. ನಿಂತು ಫೋಟೋ ತೆಗೆದೆವು. ಅಳಿಯ ಮೇಲಕ್ಕೂ ಕೆಳಕ್ಕೂ ನೋಡಿದ.

"ಅತ್ತೀ, ನಾಳೆ ಇದನ್ನ ಹತ್ತಬೇಕಾ?"

"ಹ್ಞೂಂ."

"ಇಷ್ಟನಾ?"

ಕಾಕಾ ಕನ್ನಡಕ ಒರೆಸುತ್ತ, "ನಾಳೆ ಕೇಳ್ತೀನಿ ತಗೋ" ಅಂದರು.

ಸಾಖಳಿಯಲ್ಲಿ ಲಾಡ್ಜ್. ಸೆಕೆ. ಬೆಳಿಗ್ಗೆ ಬೆರಳು ಮರಗಟ್ಟಿದ್ದು ಅದೇ ದಿನ ಅಂತ ನಂಬಲು ಆಗಲಿಲ್ಲ. ರಾತ್ರಿ ಮೀನೂಟ ಮಾಡಿದವನು ಅಳಿಯ ಒಬ್ಬನೇ. ನಮ್ಮದು ಅನ್ನ ಸಾರು.

ಎರಡನೇ ದಿನ: ಸಾಖಳಿ – ಕೇರಿ – ಚೋರ್ಲಾ – ಬೆಳಗಾವಿ

ಬೆಳಕು ಹರಿಯುವ ಮೊದಲೇ ಪಾವ್ ಭಾಜಿ ತಿಂದು ಹೊರಟೆವು. ಗೋವಾದ ಪಾವ್ ಭಾಜಿ ಬೇರೆ, ನಮ್ಮ ಗಾಡಿಯ ಪಾವ್ ಭಾಜಿ ಬೇರೆ. ಇದು ತೆಳ್ಳಗಿನ ಕಾಳಿನ ಪಲ್ಯ, ಹೊಟ್ಟೆಗೆ ಭಾರವಲ್ಲ. ಘಾಟ್ ಹತ್ತುವ ಮೊದಲು ಹೊಟ್ಟೆ ತುಂಬಾ ತಿನ್ನಬಾರದು, ಖಾಲಿಯೂ ಇರಬಾರದು.

ಕೇರಿ ದಾಟಿದ ಮೇಲೆ ರಸ್ತೆ ಏಳುತ್ತದೆ. ಚೋರ್ಲಾ ಭಯಂಕರ ಕಡಿದಾದ ಘಾಟ್ ಏನಲ್ಲ. ಸರಾಸರಿ ತೆಗೆದರೆ ನೂರಕ್ಕೆ ಐದರ ಹತ್ತಿರ. ಅಂದರೆ ನೂರು ಮೀಟರ್ ಮುಂದೆ ಹೋದಾಗ ಐದು ಮೀಟರ್ ಮೇಲೆ. ಆದರೆ ಸರಾಸರಿಯನ್ನು ಯಾರೂ ತುಳಿಯುವುದಿಲ್ಲ. ತುಳಿಯುವುದು ಕಾಲ ಕೆಳಗಿನ ರಸ್ತೆಯನ್ನು. ಅದು ಕೆಲವು ಕಡೆ ಮೂರು, ಕೆಲವು ತಿರುವುಗಳಲ್ಲಿ ಎಂಟು, ಹತ್ತು. ಅದರಲ್ಲೂ ಎಡ ತಿರುವು ಕೆಟ್ಟದ್ದು. ನಾವು ರಸ್ತೆಯ ಎಡಕ್ಕೆ ಹೋಗುವವರು. ಎಡಕ್ಕೆ ತಿರುಗುವಾಗ ನಮಗೆ ತಿರುವಿನ ಒಳಮಗ್ಗುಲು ಸಿಗುತ್ತದೆ. ಅಲ್ಲಿ ದೂರ ಕಡಿಮೆ, ಎತ್ತರ ಮಾತ್ರ ಅಷ್ಟೇ, ಹಾಗಾಗಿ ಏರು ಜಾಸ್ತಿ. ಬಲ ತಿರುವಿನಲ್ಲಿ ಹೊರಮಗ್ಗುಲು ಸಿಗುತ್ತದೆ, ಕಾಲಿಗೆ ಸ್ವಲ್ಪ ಉಸಿರು. ಕಾರಿನಲ್ಲಿ ಹೋದವರಿಗೆ ಇದು ಗೊತ್ತೇ ಆಗುವುದಿಲ್ಲ.

ಅಳಿಯ ಮೊದಲ ಎರಡು ತಿರುವಿನಲ್ಲೇ ಕಣ್ಮರೆಯಾದ. ಕಾಕಾ ತಮ್ಮ ಅತಿ ಸಣ್ಣ ಗೇರ್‌ಗೆ ಹಾಕಿ, ಕಾಲು ಗಿರಗಿರ ತಿರುಗಿಸುತ್ತ, ನಡೆಯುವವರಿಗಿಂತ ಸ್ವಲ್ಪ ಜೋರಾಗಿ ಹಿಂದೆ ಬರುತ್ತಿದ್ದರು. ನಾನು ನಡುವೆ. ಘಾಟ್‌ನಲ್ಲಿ ನನಗೆ ಈ ನಡುವಿನ ಜಾಗ ಇಷ್ಟ. ಮುಂದೆ ಯಾರೂ ಕಾಣುವುದಿಲ್ಲ, ಹಿಂದೆ ಯಾರೂ ಕಾಣುವುದಿಲ್ಲ. ಉಸಿರು ಒಂದು ಲಯಕ್ಕೆ ಬರುವವರೆಗೆ ಹತ್ತು ನಿಮಿಷ ಕಷ್ಟ. ಎದೆ ಬಡಿತ ಕಿವಿಯಲ್ಲಿ ಕೇಳುತ್ತದೆ. ವಾಪಸ್ ಹೋಗೋಣ ಅನ್ನಿಸುತ್ತದೆ. ಆಮೇಲೆ ಏನೋ ಒಂದು ಕೂಡಿಬರುತ್ತದೆ. ಎರಡು ತುಳಿತಕ್ಕೆ ಒಂದು ಉಸಿರು ಒಳಗೆ, ಎರಡು ತುಳಿತಕ್ಕೆ ಒಂದು ಹೊರಗೆ. ಅಷ್ಟು ನಿಧಾನದಲ್ಲಿ ರಸ್ತೆಬದಿಯ ಎಲ್ಲ ಕಾಣುತ್ತದೆ. ಕಲ್ಲಿನ ಮೇಲಿನ ಒಣ ಪಾಚಿ, ಇರುವೆ ಸಾಲು, ಯಾರೋ ಎಸೆದ ಒಂಟಿ ಚಪ್ಪಲಿ, ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡುವ ಮಂಗಗಳು. ಲಾರಿ ಹಿಂದಿನಿಂದ ಬಂದರೆ ಬಹಳ ಹೊತ್ತು ಮೊದಲೇ ಕೇಳುತ್ತದೆ. ಅದೂ ನಮ್ಮಂತೆಯೇ ಸಣ್ಣ ಗೇರ್‌ನಲ್ಲಿ ನರಳುತ್ತಿರುತ್ತದೆ. ಒಬ್ಬ ಡ್ರೈವರ್ ಕಿಟಕಿಯಿಂದ ಕೈ ಹೊರಹಾಕಿ, ಹಿಡ್ಕೋ ಅನ್ನುವ ಹಾಗೆ ಸನ್ನೆ ಮಾಡಿದ. ಬೇಡ ಅಂತ ತಲೆ ಅಲ್ಲಾಡಿಸಿದೆ.

ಅರ್ಧ ಘಾಟ್ ಆದ ಮೇಲೆ ಒಂದು ಎಡ ತಿರುವಿನಲ್ಲಿ ಅಳಿಯ ಸಿಕ್ಕ. ಸೈಕಲ್ ಕಟ್ಟೆಗೆ ಒರಗಿಸಿ, ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನಿಂತಿದ್ದ.

"ಏನಾತೋ?"

"ಏನಿಲ್ಲ ಅತ್ತಿ. ಕಾಲು ತಿರಗವಲ್ವು."

ಅವನ ಕಾಲಿನದು ತಪ್ಪಲ್ಲ. ಅವನ ಸೈಕಲ್ ರೇಸ್ ಸೈಕಲ್. ಮುಂದಿನ ಸಣ್ಣ ಚೈನ್‌ರಿಂಗ್‌ಗೆ 39 ಹಲ್ಲು, ಹಿಂದಿನ ಹಲ್ಲುಚಕ್ರಗಳ ಗುಂಪು, ಅಂದರೆ ಕ್ಯಾಸೆಟ್‌ನ ದೊಡ್ಡ ಚಕ್ರಕ್ಕೆ 25. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 3.3 ಮೀಟರ್ ಹೋಗುತ್ತದೆ. ನನ್ನದು ಮುಂದೆ 34, ಹಿಂದೆ 34. ಒಂದು ಸುತ್ತಿಗೆ 2.1 ಮೀಟರ್. ನಿಮಿಷಕ್ಕೆ 60 ಸುತ್ತು ಇಟ್ಟುಕೊಂಡರೆ ನಾನು ಗಂಟೆಗೆ ಏಳೂವರೆ ಕಿ.ಮೀ. ಹೋಗುತ್ತೇನೆ. ಅವನು ಹನ್ನೆರಡರ ಹತ್ತಿರ ಹೋಗಲೇಬೇಕು. ಸವಾರ, ಸೈಕಲ್, ಚೀಲ ಸೇರಿ 85 ಕೆ.ಜಿ. ಅಂತಿಟ್ಟುಕೊಳ್ಳಿ. ನೂರಕ್ಕೆ ಹತ್ತರ ಏರಿನಲ್ಲಿ ಆ ವೇಗಕ್ಕೆ 270 ವ್ಯಾಟ್‌ಗಿಂತ ಜಾಸ್ತಿ ಬೇಕು. ಒಂದೆರಡು ನಿಮಿಷ ಅವನು ಕೊಟ್ಟಾನು. ಒಂದು ಗಂಟೆ ಕೊಡಲಾರ. ಹಾಗಾಗಿ ಸುತ್ತು 40ಕ್ಕೆ ಇಳಿಯುತ್ತದೆ, 30ಕ್ಕೆ ಇಳಿಯುತ್ತದೆ. ಪ್ರತಿ ತುಳಿತವೂ ಮೊಣಕಾಲಿನ ಮೇಲೆ ಬೀಳುತ್ತದೆ. ಕೊನೆಗೆ ಕಾಲು ನಿಲ್ಲುತ್ತದೆ. ಅದೇ ಏರನ್ನು ಗಂಟೆಗೆ 6 ಕಿ.ಮೀ. ವೇಗದಲ್ಲಿ ಹತ್ತಲು 140 ವ್ಯಾಟ್ ಸಾಕು. ಆದರೆ ಅಷ್ಟು ನಿಧಾನ ಹೋಗಲು ಅವನ ಹತ್ತಿರ ಹಲ್ಲುಗಳೇ ಇಲ್ಲ.

ಅಷ್ಟರಲ್ಲಿ ಕಾಕಾ ಬಂದು ಮುಟ್ಟಿದರು. ಇಳಿಯಲಿಲ್ಲ. ಹೋಗುತ್ತಲೇ, "ಏ ತಮ್ಮಾ, ನಡ್ಕೋತ ಬಾ, ತಪ್ಪೇನಿಲ್ಲ. ಘಾಟ್ ಎಲ್ಲೂ ಓಡಿ ಹೋಗಂಗಿಲ್ಲ" ಅಂದರು.

ಅವನ ಮುಖ ಕೆಂಪಾಯಿತು. ರೇಸ್ ಹುಡುಗರಿಗೆ ಸೈಕಲ್ ತಳ್ಳುವುದು ಅಂದರೆ ಅವಮಾನ. ದೊಡ್ಡ ಕ್ಯಾಸೆಟ್ ಅಂದರೂ ಅಷ್ಟೇ. ಅದು ಮುದುಕರಿಗೆ, ಹೆಂಗಸರಿಗೆ ಅನ್ನುವ ಮಾತು ನಾನೇ ಎಷ್ಟೋ ಕಡೆ ಕೇಳಿದ್ದೇನೆ. ಈ ಜಂಬ ಹಳೆಯದು. 1902ರಲ್ಲಿ ಫ್ರಾನ್ಸ್‌ನ ಟೂರಿಂಗ್ ಕ್ಲಬ್ ಗುಡ್ಡಗಾಡಿನಲ್ಲಿ ಒಂದು ಪರೀಕ್ಷೆ ಇಟ್ಟಿತ್ತು. ಒಂದು ಕಡೆ ಒಂದೇ ಗೇರ್‌ನ ಸೈಕಲ್ ಮೇಲೆ ಎದುವಾರ್ ಫಿಷರ್ ಅನ್ನುವ ಬಲಿಷ್ಠ ರೇಸ್ ಸವಾರ. ಇನ್ನೊಂದು ಕಡೆ ಮೂರು ಗೇರ್ ಬದಲಿಸಬಹುದಾದ ಸೈಕಲ್ ಮೇಲೆ ಮಾರ್ತ್ ಎಸ್ ಅನ್ನುವ ಮಹಿಳೆ. ಗೆದ್ದಿದ್ದು ಮಾರ್ತ್. ಮರುವರ್ಷ ಟೂರ್ ದ ಫ್ರಾನ್ಸ್ ಶುರು ಮಾಡಿದ ಆನ್ರಿ ದೆಗ್ರಾಂಜ್‌ಗೆ ಇದು ಹಿಡಿಸಲಿಲ್ಲ. ಗೇರ್ ಬದಲಿಸುವುದೆಲ್ಲ 45 ದಾಟಿದವರಿಗೆ ಅಂತ ಬರೆದ. ಅವನ ಟೂರ್‌ನಲ್ಲಿ ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಬಳಸಲು ಬಿಟ್ಟಿದ್ದು 1937ರಲ್ಲಿ. ಅಷ್ಟು ವರ್ಷ ಆ ಸವಾರರು ಪಿರನೀಸ್, ಆಲ್ಪ್ಸ್ ಪರ್ವತಗಳನ್ನು ಒದ್ದಾಡಿಕೊಂಡೇ ಹತ್ತಿದರು. ಯಾರ ಮರ್ಯಾದೆ ಉಳಿಯಿತೋ ಗೊತ್ತಿಲ್ಲ, ಮೊಣಕಾಲಂತೂ ಉಳಿದಿರಲಿಕ್ಕಿಲ್ಲ.

ಈ ಕಥೆಯನ್ನು ಅಲ್ಲೇ ನಿಂತು ಅಳಿಯನಿಗೆ ಹೇಳಿದೆ. ನಗಲಿಲ್ಲ. ಕರದಂಟು ಕೊಟ್ಟೆ, ತಿಂದ. ನಮ್ಮಲ್ಲಿ ಎನರ್ಜಿ ಬಾರ್‌ಗೆ ದುಡ್ಡು ಸುರಿಯುವವರನ್ನು ಕಂಡರೆ ನನಗೆ ಆಶ್ಚರ್ಯ. ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ ಎಲ್ಲ ಇರುವ ಕರದಂಟು ಗೋಕಾಕದಲ್ಲಿ ಮೊದಲಿನಿಂದಲೂ ಸಿಗುತ್ತದೆ. ಜೇಬಿನಲ್ಲಿ ಕರಗುವುದಿಲ್ಲ, ಹಲ್ಲಿಗೆ ಸ್ವಲ್ಪ ಕೆಲಸ ಕೊಡುತ್ತದೆ ಅಷ್ಟೇ. ಅಮೀನಗಡದ್ದೇ ಚಲೋ ಅಂತ ಅಳಿಯ ಶುರು ಮಾಡಿದಾಗ ಅವನಿಗೆ ಜೀವ ಬಂತು ಅಂತ ಗೊತ್ತಾಯಿತು.

ಅಲ್ಲಿಂದ ಅವನು ಕಡಿದಾದ ಕಡೆ ತಳ್ಳುತ್ತ, ಸಲೀಸಾದ ಕಡೆ ತುಳಿಯುತ್ತ ಬಂದ. ನಾನು ಅವನನ್ನು ಬಿಟ್ಟು ಮುಂದೆ ಹೋದೆ. ಕಾಕಾರನ್ನೂ ದಾಟಿದೆ. ಮೇಲೆ ಮೊದಲು ಮುಟ್ಟಿದವಳು ನಾನು. ಇದನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ. ಬಯಲಿನಲ್ಲಿ ಗುಂಪಿನ ಜೊತೆ ಹೋದಾಗ ನಾನು ಯಾವಾಗಲೂ ಬಾಲ. ಎತ್ತರದ, ದಪ್ಪ ತೊಡೆಯ ಗಂಡಸರು ಗಾಳಿ ಸೀಳಿಕೊಂಡು ಹೋಗುತ್ತಾರೆ, ನಾನು ಅವರ ಹಿಂದೆ ತೂಗಾಡುತ್ತೇನೆ. ಏರು ಬಂದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಒಟ್ಟು ಕಸುವಿಗಿಂತ ಒಂದು ಕೆ.ಜಿ. ತೂಕಕ್ಕೆ ಎಷ್ಟು ಕಸುವು ಅನ್ನುವುದು ಮುಖ್ಯ. ನನ್ನಂಥ ಸಣ್ಣ ಮೈಯವರಿಗೆ ಲಾಭ. ಘಾಟ್ ಮೇಲಿನ ನನ್ನ ಪ್ರೀತಿಗೆ ಇದೂ ಒಂದು ಕಾರಣ ಅಂತ ಯಾರಾದರೂ ಹೇಳಿದರೆ ನಾನು ಜಗಳ ಮಾಡುವುದಿಲ್ಲ.

ಮೇಲೆ ಬಂದ ಮೇಲೆ ಮುಗಿಯಿತು ಅಂದುಕೊಳ್ಳಬಾರದು. ಚೋರ್ಲಾದಿಂದ ಬೆಳಗಾವಿಗೆ ಇನ್ನೂ ಅರ್ಧಕ್ಕಿಂತ ಜಾಸ್ತಿ ದಾರಿ. ನಿನ್ನೆ ಗಮನಕ್ಕೇ ಬಾರದ ದಿಬ್ಬಗಳೆಲ್ಲ ಇವತ್ತು ಎದ್ದು ನಿಂತಿದ್ದವು. ಬ್ರೆವೆ ಮಾಡುವವರು ಹೆದರುವುದು ಇಂಥ ದಾರಿಗೇ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಅಂತ ನಾಲ್ಕು ವರ್ಷಕ್ಕೊಮ್ಮೆ 1200 ಕಿ.ಮೀ. ಬ್ರೆವೆ ಇದೆ, 90 ಗಂಟೆಯ ಗಡುವು. ಅದರಲ್ಲಿ ದೊಡ್ಡ ಪರ್ವತ ಒಂದೂ ಇಲ್ಲ. ಆದರೂ ಸಣ್ಣ ಸಣ್ಣ ಏರು ಕೂಡಿಸುತ್ತ ಹೋದರೆ ಹನ್ನೊಂದು, ಹನ್ನೆರಡು ಸಾವಿರ ಮೀಟರ್ ಆಗುತ್ತದೆ. ಎವರೆಸ್ಟ್ 8848. ದೊಡ್ಡ ಘಾಟ್‌ಗೆ ಮನಸ್ಸು ಮೊದಲೇ ತಯಾರಾಗಿರುತ್ತದೆ. ಹೆಸರಿಲ್ಲದ ದಿಬ್ಬಕ್ಕೆ ಯಾರು ತಯಾರಾಗುತ್ತಾರೆ?

ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಅಳಿಯ ಸ್ನಾನವನ್ನೂ ಮಾಡದೆ ನಿದ್ದೆ ಹೋದ.

ಮೂರನೇ ದಿನ: ಬೆಳಗಾವಿ – ಬೈಲಹೊಂಗಲ – ಸವದತ್ತಿ – ಎಲ್ಲಮ್ಮನ ಗುಡ್ಡ

ಇವತ್ತು ಅಳಿಯನ ದಿನ. ಈ ಕಾಲದಲ್ಲಿ ನಮ್ಮ ಕಡೆ ಗಾಳಿ ಮೂಡಣದಿಂದ ಬೀಸುತ್ತದೆ. ನಾವು ಹೊರಟಿದ್ದೂ ಮೂಡಣಕ್ಕೇ. ಊರು ದಾಟುತ್ತಲೇ ಎದೆಗೆ ಬಡಿಯಿತು. ಅಳಿಯ ಏನೂ ಹೇಳದೆ ಮುಂದೆ ಹೋದ. ಹ್ಯಾಂಡಲ್‌ನ ಕೆಳಗಿನ ಬಾಗು ಹಿಡಿದು, ಬೆನ್ನು ಮಡಚಿ, ಒಂದೇ ಲಯದಲ್ಲಿ ತುಳಿಯತೊಡಗಿದ. ಅವನ ಹಿಂದೆ ನಾನು. ನನ್ನ ಹಿಂದೆ ಕಾಕಾ. ಚಕ್ರಕ್ಕೂ ಚಕ್ರಕ್ಕೂ ನಡುವೆ ಒಂದು ಮೊಳ.

ನಿನ್ನೆ ಮತ್ತು ಇವತ್ತಿನ ವ್ಯತ್ಯಾಸ ಪೂರ್ತಿ ಗಾಳಿಯಲ್ಲಿದೆ. ಬಯಲಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ ಗಾಳಿಯನ್ನು ತಳ್ಳಲಿಕ್ಕೇ ಸುಮಾರು 140 ವ್ಯಾಟ್ ಹೋಗುತ್ತದೆ. ಮುಂದಿನವನ ಮರೆಯಲ್ಲಿ ಹೋದರೆ ಅದರಲ್ಲಿ ಒಳ್ಳೆಯ ಪಾಲು ಉಳಿಯುತ್ತದೆ. ಘಾಟ್‌ನಲ್ಲಿ ಗಂಟೆಗೆ 7 ಕಿ.ಮೀ. ವೇಗದಲ್ಲಿ ಗಾಳಿಗೆ ಹೋಗುವುದು 2 ವ್ಯಾಟ್ ಕೂಡ ಅಲ್ಲ. ಅಲ್ಲಿ ಯಾರ ಹಿಂದೆ ಹೋದರೂ ಏನೂ ಉಳಿಯುವುದಿಲ್ಲ. ನಿನ್ನ ತೂಕ ನೀನೇ ಎತ್ತಬೇಕು. ಬಯಲಿನಲ್ಲಿ ಒಬ್ಬ ಗಟ್ಟಿಯವನು ಇಬ್ಬರನ್ನು ಎಳೆದುಕೊಂಡು ಹೋಗಬಹುದು. ಚೋರ್ಲಾದಲ್ಲಿ ಅಳಿಯನಿಗೆ ನಾವು ಕೊಡಬಹುದಾಗಿದ್ದು ಕರದಂಟು ಮಾತ್ರ.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರ್‌ಗಳು. ಎರಡೆರಡು ಟ್ರೇಲರ್, ಮೇಲೆ ಗುಡ್ಡದಷ್ಟು ಕಬ್ಬು, ಡಬ್ಬದಲ್ಲಿ ಹಾಡು. ಅವು ದಾಟುವಾಗ ಕಬ್ಬಿನ ಗರಿ ತೋಳಿಗೆ ಕೆರೆಯುತ್ತದೆ. ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಗೆ ಹೋಗಿ ಬಂದೆವು. ಬ್ರಿಟಿಷರು ಆಕೆಯನ್ನು ಸೆರೆ ಇಟ್ಟಿದ್ದು ಇಲ್ಲಿಯ ಕೋಟೆಯಲ್ಲಿ, ಆಕೆ ತೀರಿಕೊಂಡಿದ್ದು 1829ರಲ್ಲಿ. ಖಾನಾವಳಿಯಲ್ಲಿ ರೊಟ್ಟಿ, ಝುಣಕ, ಮಜ್ಜಿಗೆ. ಅಳಿಯ ರೊಟ್ಟಿ ತಿಂದ ಲೆಕ್ಕ ಬರೆಯುವುದಿಲ್ಲ, ಅತ್ತಿ ಹೀಗೆ ಬರೆದಳು ಅಂತ ಅವರ ಅವ್ವನಿಗೆ ಹೋಗಿ ಹೇಳುತ್ತಾನೆ.

ಸವದತ್ತಿ ಹತ್ತಿರ ಬಂದಾಗ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ನಮ್ಮ ಕಡೆಗೇ ಮುಖ ತೋರಿಸದೆ ತಿರುಗುತ್ತಿದ್ದವು. ಅಂದರೆ ಗಾಳಿ ಇನ್ನೂ ಎದುರಿಗೇ. ಜೋಗುಳಬಾವಿಯಲ್ಲಿ ಜನ ಸ್ನಾನ ಮಾಡಿ ಗುಡ್ಡ ಹತ್ತಲು ಹೊರಡುತ್ತಿದ್ದರು. ಚಕ್ಕಡಿ, ಟೆಂಪೊ, ಬರಿಗಾಲಲ್ಲಿ ನಡೆಯುವವರು. ಎಲ್ಲರ ಹಣೆಯ ಮೇಲೆ ಭಂಡಾರ.

ಗುಡ್ಡದ ಏರು ಚೋರ್ಲಾಕ್ಕೆ ಹೋಲಿಸಿದರೆ ಚಿಕ್ಕದು. ಆದರೆ ಜನ ಇದ್ದಾರಲ್ಲ, ಅದೇ ಕಷ್ಟ. ಅಳಿಯನ ಮುಂದೆ ಒಂದು ಚಕ್ಕಡಿ ನಿಂತುಬಿಟ್ಟಿತು. ಇವನೂ ಕಾಲು ಊರಿದ. ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದೇ ದೊಡ್ಡ ಕೆಲಸ. ಒಂದು ಕಾಲು ಪೆಡಲ್ ಮೇಲೆ ಇಟ್ಟು ತುಳಿದರೆ, ಇನ್ನೊಂದು ಕಾಲು ಪೆಡಲ್ ಹುಡುಕುವುದರೊಳಗೆ ಸೈಕಲ್ ನಿಂತು ವಾಲುತ್ತದೆ. ಅದಕ್ಕೆ ಉಪಾಯ ಇದೆ. ಸೈಕಲ್ಲನ್ನು ರಸ್ತೆಗೆ ಅಡ್ಡ ತಿರುಗಿಸಬೇಕು, ಅಡ್ಡಕ್ಕೆ ಏರು ಇರುವುದಿಲ್ಲ. ಎರಡು ತುಳಿತ ಹಾಕಿ ವೇಗ ಬಂದ ಮೇಲೆ ಮೇಲಕ್ಕೆ ತಿರುಗಿಸಬೇಕು. ಹಿಂದೆ ಮುಂದೆ ಗಾಡಿ ನೋಡಿಕೊಂಡು ಮಾಡಬೇಕು ಅಷ್ಟೇ. ಕಾಕಾ ಮಾಡಿ ತೋರಿಸಿದರು. ಅಳಿಯ ಅಡ್ಡ ಹೋದ, ತಿರುಗಿದ, ಎದ್ದು ನಿಂತು ತುಳಿದ. ಪಕ್ಕದಲ್ಲಿ ನಡೆಯುತ್ತಿದ್ದ ಒಬ್ಬ ಅಜ್ಜಿ ತಲೆಯ ಮೇಲಿನ ಬುಟ್ಟಿ ಒಂದು ಕೈಯಲ್ಲಿ ಹಿಡಿದುಕೊಂಡೇ "ಉಧೋ ಉಧೋ!" ಅಂದಳು. ಸುತ್ತ ಇದ್ದವರೆಲ್ಲ ದನಿ ಸೇರಿಸಿದರು. ಅದು ದೇವಿಗೆ ಹೇಳಿದ್ದು. ಆದರೆ ಅವನು ತನಗೇ ಅಂತ ತಿಳಿದು, ಮೇಲಿನವರೆಗೆ ಒಮ್ಮೆಯೂ ಇಳಿಯದೆ ಹೋದ. ಅವನ 39-25 ಸಣ್ಣ ಏರಿಗೆ ಸಾಕಾಗುತ್ತದೆ. ಐದಾರು ನಿಮಿಷದ ಏರನ್ನು ಜಿದ್ದಿನ ಮೇಲೆ ಹತ್ತಬಹುದು. ಒಂದು ಗಂಟೆಯ ಏರಿನಲ್ಲಿ ಜಿದ್ದು ನಡೆಯುವುದಿಲ್ಲ.

ದರ್ಶನ ಆಯಿತು. ರಾತ್ರಿ ಸವದತ್ತಿಗೆ ಇಳಿದು ಮಲಗಿದೆವು.

ನಾಲ್ಕನೇ ದಿನ: ಸವದತ್ತಿ – ರಾಮದುರ್ಗ – ಬಾದಾಮಿ

ಎಳ್ಳಮಾವಾಸ್ಯೆ. ಹೊರಡುವಾಗ ಇದು ನಮ್ಮ ತಲೆಯಲ್ಲೇ ಇರಲಿಲ್ಲ. ದಾರಿಯಲ್ಲಿ ಹೋಟೆಲ್‌ಗಳು ಅರ್ಧ ಮುಚ್ಚಿದ್ದವು. ಊರಿಗೆ ಊರೇ ಹೊಲಕ್ಕೆ ಹೋಗಿತ್ತು. ರಾಮದುರ್ಗ ದಾಟಿ ಸುರೇಬಾನ ಕಡೆ ಹೋಗುವಾಗ ಬನ್ನಿ ಗಿಡದ ಕೆಳಗೆ ಕೂತಿದ್ದ ಒಂದು ಕುಟುಂಬ ಕೈಮಾಡಿ ಕರೆಯಿತು. "ಬರ್ರಿ, ಉಂಡ ಹೋಗ್ರಿ. ಇವತ್ತ ಹೊಲದ ಮುಂದ ಹಸಗೊಂಡ ಹೋಗಬಾರದ್ರಿ." ಹಾಗೆ ಅಂದ ಮೇಲೆ ಯಾರು ಹೋಗುತ್ತಾರೆ?

ಮನೆಯ ಯಜಮಾನ ಎಳೆ ಜೋಳದ ನಡುವೆ ಚರಗ ಚೆಲ್ಲಿ ಬಂದಿದ್ದ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಮೇಲೆ ಮೊಸರು ಬುತ್ತಿ. ನಮ್ಮ ಸೈಕಲ್‌ಗಳನ್ನು ಎತ್ತಿ ನೋಡಿದರು. ಅಳಿಯನ ಸೈಕಲ್ ಎತ್ತಿದ ಹುಡುಗ, "ಇದ್ರಾಗ ಏನೂ ಇಲ್ಲಲ್ರಿ!" ಅಂದ. ಕಾಕಾರ ಸೈಕಲ್ ಎತ್ತಲು ಹೋಗಿ ಅರ್ಧಕ್ಕೇ ಇಳಿಸಿದ. ಘಾಟ್‌ನಲ್ಲಿ ಯಾವುದು ಮೊದಲು ಬಂತು ಅಂತ ಕೇಳಿದ. ಅಳಿಯ ನನ್ನ ಸೈಕಲ್ ತೋರಿಸಿದ. ಮನೆಯ ಹೆಂಗಸರು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು.

ಆ ಊಟದ ಮೇಲೆ ಸೈಕಲ್ ತುಳಿಯುವುದು ಯಾವ ಘಾಟ್‌ಗೂ ಕಡಿಮೆ ಇರಲಿಲ್ಲ. ಕುಳಗೇರಿ ಕ್ರಾಸ್ ದಾಟುವವರೆಗೆ ಯಾರೂ ಮಾತಾಡಲಿಲ್ಲ. ಬಾದಾಮಿಯ ಕೆಂಪು ಬಂಡೆಗಳು ಕಾಣಿಸಿದಾಗ ಸಂಜೆ ಬಿಸಿಲು ಅವುಗಳ ಮೇಲಿತ್ತು. ಮೂರನೇ ಗುಹೆಗೆ ಮೆಟ್ಟಿಲು ಹತ್ತಿ ಹೋದೆವು. ಮಂಗಳೇಶ 578ರಲ್ಲಿ ಮಾಡಿಸಿದ ಗುಹೆ, ಅಲ್ಲಿಯ ಶಾಸನದಲ್ಲೇ ವರ್ಷ ಇದೆ. ಸೈಕಲ್ ಹೊಡೆದವರಿಗೆ ಮೆಟ್ಟಿಲು ಹತ್ತುವುದು ಸುಲಭ ಅಂತ ಜನ ಅಂದುಕೊಂಡಿದ್ದಾರೆ. ಹತ್ತಬಹುದು. ಇಳಿಯುವಾಗ ತೊಡೆ ನಡುಗುತ್ತದೆ.

ಐದನೇ ದಿನ: ಬಾದಾಮಿ – ಗುಳೇದಗುಡ್ಡ – ಬಾಗಲಕೋಟೆ

ಅರ್ಧ ದಿನದ ದಾರಿ. ಗುಳೇದಗುಡ್ಡದಲ್ಲಿ ಖಣ ಕೊಳ್ಳಲು ನಾನು ನಿಂತೆ. ಎರಡು ಖಣಕ್ಕೆ ಚೀಲದಲ್ಲಿ ಜಾಗ ಇತ್ತು. ಮೂರನೆಯದನ್ನು ಕಾಕಾರ ಚೀಲಕ್ಕೆ ತುರುಕಿದೆ.

ಬಾಗಲಕೋಟೆಯಲ್ಲಿ ಅಳಿಯ ನೇರ ಸೈಕಲ್ ಅಂಗಡಿಗೆ ಹೋದ. ನಾವು ಹೇಳಿರಲಿಲ್ಲ. ಹಿಂದೆ 34 ಹಲ್ಲಿನ ಕ್ಯಾಸೆಟ್ ಹಾಕಿಕೊಡಿ ಅಂದ. ಅಂಗಡಿಯವರು ಸೈಕಲ್ ತಿರುಗಿಸಿ ನೋಡಿ, ಬರೀ ಕ್ಯಾಸೆಟ್ ಸಾಲದು ಅಂದರು. ಅವನ ಹಿಂದಿನ ಡಿರೇಲರ್ ರೇಸ್‌ನದು, ತೋಳು ಗಿಡ್ಡ. ಅಷ್ಟು ದೊಡ್ಡ ಚಕ್ರಕ್ಕೆ ಅದು ನಿಲುಕುವುದಿಲ್ಲ, ಉದ್ದ ತೋಳಿನದು ಬೇಕು. ಚೈನ್ ಕೂಡ ಉದ್ದ ಬೇಕು. ಮುಂದೆ 39ಕ್ಕಿಂತ ಬಹಳ ಸಣ್ಣದು ಅವನ ಪೆಡಲ್ ತೋಳು, ಅಂದರೆ ಕ್ರ್ಯಾಂಕ್‌ಗೆ ಕೂರುವುದೇ ಇಲ್ಲ, ಅದನ್ನೂ ಬದಲಿಸಿದರೆ ಚಲೋ. ರೊಕ್ಕದ ಲೆಕ್ಕ ಕೇಳಿ ಅಳಿಯ ಸುಮ್ಮನಾದ.

"ಇಷ್ಟ ರೊಕ್ಕದಾಗ ಎರಡ ಆಡ ಬರ್ತಾವ್ರಿ."

"ಆಡ ಘಾಟ್ ಹತ್ತತಾವ ಬಿಡು" ಅಂದರು ಕಾಕಾ. "ನೀ ಹಿಂದಿಂದಷ್ಟ ಹಾಕಸು. ಮುಂದಿಂದು ಆಮ್ಯಾಲೆ ನೋಡೋಣು."

39 ಮುಂದೆ, 34 ಹಿಂದೆ. ಒಂದು ಸುತ್ತಿಗೆ 2.4 ಮೀಟರ್. 60 ಸುತ್ತಿಗೆ ಗಂಟೆಗೆ ಎಂಟೂವರೆ ಕಿ.ಮೀ. ಅವನ ಕಾಲಿಗೆ ಅಷ್ಟು ಸಾಕು ಅಂತ ನನಗೂ ಅನ್ನಿಸಿತು. ಸಾಮಾನು ತರಿಸಬೇಕು, ಎಂಟು ದಿನ ಬಿಟ್ಟು ಬಾ ಅಂದರು ಅಂಗಡಿಯವರು. ಅಳಿಯ ಮುಂಗಡ ಕೊಟ್ಟ. ಅದರಲ್ಲಿ ಅರ್ಧ ನನ್ನಿಂದ ಇಸಗೊಂಡ.

ನಮ್ಮ ಸೈಕಲ್‌ಗಳನ್ನು ಬಸ್ಸಿನ ಮೇಲೆ ಹಾಕಿ, ಲಗೇಜ್ ಟಿಕೆಟ್ ತೆಗೆಸಿ ಬೆಳಗಾವಿಗೆ ಹೊರಟೆವು. ಅಳಿಯ ವಿಜಯಪುರಕ್ಕೆ ಸೈಕಲ್ ಮೇಲೇ ಹೊರಟ. ಸಂಜೆ ಕೊಲ್ಹಾರದಿಂದ ಫೋನ್ ಮಾಡಿದ. ಕೃಷ್ಣೆಯ ಸೇತುವೆ ದಾಟಿ, ಗಡಿಗೆ ಮೊಸರು ತಿನ್ನುತ್ತ ಕೂತಿದ್ದನಂತೆ.

"ಅತ್ತೀ, ಒಂದು ಮಾತು. ಚೋರ್ಲಾಕ್ಕಿಂತ ಕಡಿದಾದದ್ದು ಅಲ್ಲೆ ಎಲ್ಲೆ ಐತಿ?"

ತಿಲಾರಿ ಘಾಟ್ ಅಂದೆ.

"ಕಾಕಾರಿಗೆ ಈಗ ಹೇಳಬ್ಯಾಡ. ಮೊದಲ ನನ್ನ ಹಲ್ಲ ಬರಲಿ."